ಅಳು ಬಂದರೆ ಬರಲಿ, ತಾಳ ಬಿಡಬೇಡ

ನಮ್ಮಲ್ಲಿ ಸಾವಿಗೂ ಒಂದು ಟೈಮ್‌ಟೇಬಲ್ ಇದೆ. ಮೂರನೇ ದಿನ ಇಂಥದ್ದು, ಹನ್ನೊಂದಕ್ಕೆ ಇಂಥದ್ದು, ವರ್ಷಕ್ಕೆ ತಿಥಿ. ಅಳೋದಕ್ಕೆ ದಿನ ಗೊತ್ತಿರುತ್ತೆ, ಪಕ್ಕದಲ್ಲಿ ಕೂರೋದಕ್ಕೆ ಜನ ಬರ್ತಾರೆ, ಎದುರು ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ಬರುತ್ತೆ. ಆದರೆ ಹುಟ್ಟದೇ ಹೋದ ಮಗುವಿಗೆ ಇದ್ಯಾವುದೂ ಇಲ್ಲ. ಹೆಸರಿಲ್ಲ, ಗೋಡೆಗೆ ಹಾಕಲು ಫೋಟೊ ಇಲ್ಲ, ತಿಥಿ ಇಲ್ಲ. ಆ ದುಃಖವನ್ನು ಎಲ್ಲಿ ಇಟ್ಟುಕೊಳ್ಳಬೇಕು ಅಂತಲೇ ಗೊತ್ತಾಗೋದಿಲ್ಲ.

ನನಗೆ ಗರ್ಭಪಾತವಾದದ್ದು 14ನೇ ವಾರದಲ್ಲಿ. ಗರ್ಭಿಣಿ ಅಂತ ಖಚಿತವಾದವರಲ್ಲಿ ನೂರಕ್ಕೆ ಸುಮಾರು 10ರಿಂದ 20 ಮಂದಿಗೆ ಹೀಗಾಗುತ್ತೆ, ಹೆಚ್ಚಿನ ಪ್ರಕರಣಗಳಲ್ಲಿ ತಾಯಿ ಮಾಡಿದ ಯಾವ ಕೆಲಸವೂ ಇದಕ್ಕೆ ಕಾರಣವಲ್ಲ ಎಂದು ವೈದ್ಯರು ವಿವರಿಸಿದರು. ತಲೆಗೆ ಅರ್ಥವಾಯಿತು. ಹೊಟ್ಟೆಗೆ ಅರ್ಥವಾಗಲಿಲ್ಲ.

ಮನೆಗೆ ಬಂದ ಮೇಲೆ ಎಲ್ಲರೂ ಒಳ್ಳೆಯ ಮಾತನ್ನೇ ಆಡಿದರು. ಅಮ್ಮ, ‘ಇನ್ನೂ ವಯಸ್ಸಿದೆ ಪುಟ್ಟಿ, ಮತ್ತೆ ಆಗುತ್ತೆ’ ಅಂದಳು. ಅತ್ತೆ, ‘ಮನಸ್ಸಿಗೆ ಹಚ್ಕೋಬೇಡಮ್ಮ’ ಅಂದರು. ಆಫೀಸಿನ ಗೆಳತಿಯರು ‘ಸ್ಟ್ರಾಂಗ್ ಆಗಿರು’ ಅಂತ ಮೆಸೇಜ್ ಕಳಿಸಿದರು. ಯಾರ ಮಾತಲ್ಲೂ ತಪ್ಪಿರಲಿಲ್ಲ. ಆದರೆ ಎಲ್ಲ ಮಾತೂ ಮುಂದಿನದ್ದರ ಬಗ್ಗೆ ಇತ್ತು. ಆಗಿ ಹೋದದ್ದರ ಬಗ್ಗೆ ಮಾತಾಡಲು ಯಾರೂ ಇರಲಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡ್ತೀನಿ, ಯಾರಿಗಾದರೂ ಬೇಕಾಗಬಹುದು. ಗರ್ಭಪಾತವಾದ ಉದ್ಯೋಗಸ್ಥ ಮಹಿಳೆಗೆ ಆರು ವಾರ ಸಂಬಳ ಸಹಿತ ರಜೆ ಸಿಗಬೇಕು ಎಂದು ಕಾನೂನಿನಲ್ಲೇ ಇದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು, ವೈದ್ಯರ ಪತ್ರ ಇರಬೇಕು. ನಾನು ಆ ರಜೆ ತಗೊಂಡೆ. ಆದರೆ ಆರು ವಾರ ಮನೆಯಲ್ಲಿ ಕೂತು ಮಾಡೋದಾದರೂ ಏನು?

ಎರಡನೇ ವಾರ ಬರೆಯೋಕೆ ಶುರು ಮಾಡಿದೆ. ಇದು ನನ್ನ ಕಲ್ಪನೆಯಲ್ಲ. ಜೇಮ್ಸ್ ಪೆನ್ನೆಬೇಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ಪ್ರಯೋಗದ ಬಗ್ಗೆ ಹಿಂದೆ ಎಲ್ಲೋ ಓದಿದ್ದೆ. ಸಹೋದ್ಯೋಗಿ ಸಾಂಡ್ರಾ ಬೀಲ್ ಜೊತೆ ಅವರು ಅದನ್ನು ಪ್ರಕಟಿಸಿದ್ದು 1986ರಲ್ಲಿ. ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದರು. ಕೆಲವರು ಸಾಮಾನ್ಯ ಸಂಗತಿ ಬರೆದರು, ಕೆಲವರು ಬದುಕಿನ ದೊಡ್ಡ ನೋವನ್ನು ಬರೆದರು. ನೋವು ಬರೆದವರಿಗೆ ಆ ಕ್ಷಣಕ್ಕೆ ಮನಸ್ಸು ಇನ್ನಷ್ಟು ಭಾರವಾಯಿತು. ಆದರೆ ನಡೆದದ್ದನ್ನೂ ಅದರಿಂದ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ನಂತರ ನಡೆದ ಎಷ್ಟೋ ಅಧ್ಯಯನಗಳಲ್ಲಿ ಫಲ ಎಲ್ಲರಿಗೂ ಒಂದೇ ಸಮ ಸಿಕ್ಕಿಲ್ಲ, ಸರಾಸರಿ ನೋಡಿದರೆ ಸಣ್ಣದೇ. ನನಗೆ ಆ ಹೊತ್ತಿಗೆ ಸಣ್ಣದೇ ಸಾಕಿತ್ತು.

ಹಳೇ ಡೈರಿಯೊಂದರ ಖಾಲಿ ಹಾಳೆ ತೆಗೆದೆ. ಮೊಬೈಲಿನಲ್ಲಿ 15 ನಿಮಿಷಕ್ಕೆ ಅಲಾರಂ ಇಟ್ಟೆ. ಮೊದಲ ದಿನ ಬಂದದ್ದು ಬರೀ ವರದಿ: ಎಷ್ಟು ಗಂಟೆಗೆ ನೋವು ಶುರುವಾಯಿತು, ಆಟೊ ಎಲ್ಲಿ ಸಿಕ್ಕಿತು, ಸ್ಕ್ಯಾನಿಂಗ್ ರೂಮಿನ ಪರದೆ ಯಾವ ಬಣ್ಣ. ಎರಡನೇ ದಿನ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ, ಪೆನ್ನು ಒತ್ತಿ ಒತ್ತಿ ಹಾಳೆ ಹರಿಯಿತು. ಮೂರನೇ ದಿನ ಒಂದು ಹೊಸ ಪದ ಕಾಣಿಸಿಕೊಂಡಿತು, ‘ಯಾಕಂದ್ರೆ’. ‘ಪಕ್ಕದ ಮನೆ ಮಗು ನಕ್ಕರೆ ನಾನು ಬಾಗಿಲು ಹಾಕ್ತೀನಿ, ಯಾಕಂದ್ರೆ...’ ಅಂತ ಬರೆದೆ. ಪೆನ್ನೆಬೇಕರ್ ಮುಂದೆ ಇಂಥ ಬರಹಗಳ ಪದಗಳನ್ನೇ ಎಣಿಸಿ ನೋಡಿದ್ದರು. ದಿನ ಕಳೆದಂತೆ ಕಾರಣ ಹುಡುಕುವ, ಅರ್ಥ ಮಾಡಿಕೊಳ್ಳುವ ಪದಗಳು ಯಾರ ಬರಹದಲ್ಲಿ ಹೆಚ್ಚಿದವೋ ಅವರಿಗೇ ಹೆಚ್ಚು ಪ್ರಯೋಜನವಾಗಿತ್ತು. ಅಂದರೆ ನೋವನ್ನು ಕಕ್ಕಿದರಷ್ಟೇ ಸಾಲದು, ಅದಕ್ಕೊಂದು ಹಿಂದು ಮುಂದು ಸಿಗಬೇಕು.

ನಾಲ್ಕನೇ ದಿನದ ಹಾಳೆಯನ್ನು ನನ್ನ ಗಂಡನಿಗೆ ಓದಲು ಕೊಟ್ಟೆ. ಅಷ್ಟು ದಿನ ಅವನು ನನ್ನೆದುರು ಅತ್ತಿರಲಿಲ್ಲ, ಮಾತ್ರೆ, ಊಟ, ಕಷಾಯ ಅಂತ ಓಡಾಡಿಕೊಂಡಿದ್ದ. ಓದಿ, ಪೆನ್ನು ಕೇಳಿ, ಕೆಳಗೆ ಎರಡು ಸಾಲು ಬರೆದ: ‘ಮೊದಲ ಸ್ಕ್ಯಾನಿಂಗ್ ಫೋಟೊ ನನ್ನ ಪರ್ಸ್‌ನಲ್ಲಿದೆ. ತೆಗೆಯೋಕೆ ಆಗ್ತಿಲ್ಲ.’ ಅವತ್ತು ರಾತ್ರಿ ನಾವಿಬ್ಬರೂ ಒಟ್ಟಿಗೆ ಅತ್ತೆವು. ನಮ್ಮ ಹನ್ನೊಂದನೇ ದಿನ ಅದೇ ಅಂತ ನನಗೆ ಈಗಲೂ ಅನ್ನಿಸುತ್ತೆ.

ಬರವಣಿಗೆ ಮನಸ್ಸಿಗೆ ದಾರಿ ಕೊಟ್ಟಿತು ನಿಜ, ಆದರೆ ಮೈ? ನನ್ನ ದೇಹವೇ ನನಗೆ ಕೈಕೊಟ್ಟಿತು ಎಂಬ ಭಾವನೆ ಹೋಗಿರಲಿಲ್ಲ. ಕನ್ನಡಿ ನೋಡೋಕೆ ಮನಸ್ಸಿರಲಿಲ್ಲ. ಮೂರು ತಿಂಗಳಾದ ಮೇಲೆ ವೈದ್ಯರನ್ನು ಕೇಳಿ, ಅವರು ಸರಿ ಅಂದ ಮೇಲೆ, ನಮ್ಮ ಬಡಾವಣೆಯ ಭರತನಾಟ್ಯ ತರಗತಿಗೆ ಸೇರಿದೆ. ಹೈಸ್ಕೂಲಿನಲ್ಲಿ ಕಲಿತು ಎಸ್ಸೆಸ್ಸೆಲ್ಸಿಗೆ ಬಿಟ್ಟಿದ್ದೆ. ಶನಿವಾರ ಬೆಳಿಗ್ಗೆ ಏಳಕ್ಕೆ, ದೊಡ್ಡವರ ಬ್ಯಾಚು. ಇಬ್ಬರು ಬ್ಯಾಂಕಿನವರು, ಒಬ್ಬ ಸಾಫ್ಟ್‌ವೇರ್ ಹುಡುಗ, ನಿವೃತ್ತರಾದ ಗಣಿತದ ಮೇಡಂ, ಮತ್ತೆ ನಾನು.

ಮೊದಲ ದಿನ ತಟ್ಟಡವು. ‘ತೈಯಾ ತೈ’ ಅಂತ ಟೀಚರ್ ಮರದ ಮಣೆಗೆ ಕೋಲಿನಿಂದ ತಟ್ಟೋದು, ನಾವು ಅರೆಮಂಡಿಯಲ್ಲಿ ಕೂತು ಪಾದ ಬಡಿಯೋದು. ಐದು ನಿಮಿಷಕ್ಕೆ ತೊಡೆ ನಡುಗಿತು. ಮೊದಲ ಕಾಲ, ಎರಡನೇ ಕಾಲ, ಮೂರನೇ ಕಾಲ, ವೇಗ ಪ್ರತಿ ಸಲ ದುಪ್ಪಟ್ಟು. ಪಾದಕ್ಕೆ ನೆಲ ಸಿಗುವ ಸದ್ದಿನಲ್ಲಿ ತಲೆಯೊಳಗಿನ ಗದ್ದಲಕ್ಕೆ ಜಾಗವೇ ಇರಲಿಲ್ಲ. ವಾರ ವಾರ ಹೋದಂತೆ ಅರೆಮಂಡಿ ಸ್ವಲ್ಪ ಸ್ವಲ್ಪ ಇಳಿಯಿತು. ಈ ಮೈಗೆ ಕೆಲಸ ಬರುತ್ತೆ, ಹೇಳಿಕೊಟ್ಟರೆ ಕಲಿಯುತ್ತೆ ಅಂತ ಎಷ್ಟೋ ದಿನಗಳ ಮೇಲೆ ಗೊತ್ತಾಯಿತು.

ಕಷ್ಟ ಬಂದದ್ದು ಅಭಿನಯ ಶುರುವಾದಾಗ. ಟೀಚರ್ ಆರಿಸಿದ್ದು ಕೃಷ್ಣ ಮತ್ತು ಯಶೋದೆಯ ಒಂದು ಪದ. ಮಗುವನ್ನು ಎತ್ತಿ ಸೊಂಟಕ್ಕೆ ಕೂರಿಸಿ, ಬಾಯಿಗಂಟಿದ ಬೆಣ್ಣೆ ಒರೆಸಬೇಕು. ನನ್ನ ಸರದಿ ಬಂದಾಗ ತೋಳು ಮಡಚಿದೆ, ಖಾಲಿ ತೋಳು ನೋಡಿ ಗಂಟಲು ಕಟ್ಟಿತು. ನಿಂತುಬಿಟ್ಟೆ. ಟೀಚರಿಗೆ ವಿಷಯ ಗೊತ್ತಿತ್ತು. ಹತ್ತಿರ ಬರಲಿಲ್ಲ, ‘ಕೂತ್ಕೊಳ್ಳಮ್ಮ’ ಅಂತಲೂ ಅನ್ನಲಿಲ್ಲ. ಮಣೆ ತಟ್ಟುತ್ತಲೇ, ‘ಅಳು ಬಂದರೆ ಬರಲಿ, ತಾಳ ಬಿಡಬೇಡ’ ಅಂದರು.

ನಾನು ತಾಳ ಬಿಡಲಿಲ್ಲ. ಎಂಟಕ್ಷರದ ಆದಿತಾಳ ಅದು. ಎಂಟು ಮುಗಿದರೆ ಮತ್ತೆ ಒಂದು. ಅಳುತ್ತಲೇ ಬೆಣ್ಣೆ ಒರೆಸಿದೆ, ಅಳುತ್ತಲೇ ಮಗುವನ್ನು ಇಳಿಸಿದೆ.

ತರಗತಿ ಮುಗಿದ ಮೇಲೆ ಅವರು ಹೇಳಿದ್ದು ಸರಳ. ನಾಟ್ಯಶಾಸ್ತ್ರದಲ್ಲಿ ಶೋಕ ಬೇರೆ, ಕರುಣ ಬೇರೆ. ಶೋಕ ಸ್ಥಾಯಿಭಾವ, ಕರುಣ ಅದರಿಂದ ಹುಟ್ಟುವ ರಸ. ಶೋಕದಲ್ಲಿ ನಾವು ಮುಳುಗಿರ್ತೀವಿ. ಅದಕ್ಕೆ ತಾಳ, ಮುದ್ರೆ, ನೋಟ ಎಲ್ಲ ಸೇರಿದಾಗ ಅದೇ ದುಃಖ ನಮ್ಮಿಂದ ಒಂದು ಮೊಳ ದೂರ ನಿಲ್ಲುತ್ತೆ, ಇನ್ನೊಬ್ಬರಿಗೂ ಕಾಣುತ್ತೆ. ಗಟ್ಟಿಯಾಗೋದು ಅಂದರೆ ಕಲ್ಲಾಗೋದಲ್ಲ, ಆ ಒಂದು ಮೊಳ ಜಾಗ ಮಾಡಿಕೊಳ್ಳೋದು ಅಂತ ನನಗೆ ಅವತ್ತು ಹೊಳೆಯಿತು.

ಇದನ್ನೆಲ್ಲ ನಮ್ಮ ಹಳ್ಳಿ ಹೆಂಗಸರು ಯಾವ ಪ್ರಯೋಗವೂ ಇಲ್ಲದೆ ಕಂಡುಕೊಂಡಿದ್ದರು. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಓದಿದರೆ ಗೊತ್ತಾಗುತ್ತೆ. ತವರಿನ ಹಂಬಲ, ಮಕ್ಕಳಿಲ್ಲದವಳ ಸಂಕಟ, ಎಲ್ಲವೂ ತ್ರಿಪದಿಯಾಗಿ ಬಂದಿದೆ. ಇಂಥ ಹಾಡು ಹುಟ್ಟಿದ್ದು ಬೀಸುವ ಕಲ್ಲಿನ ಮುಂದೆ. ಕೈ ಗೂಟ ಹಿಡಿದು ತಿರುಗುತ್ತೆ, ಬಾಯಿ ಮಾತು ಕಟ್ಟುತ್ತೆ. ನಾನು ಡೈರಿ ಒಂದು ಕಡೆ, ಡಾನ್ಸ್ ಕ್ಲಾಸ್ ಇನ್ನೊಂದು ಕಡೆ ಅಂತ ಹುಡುಕಿದ್ದನ್ನು ಅವರು ಬೆಳಗಿನ ಜಾವ ಒಂದೇ ಜಾಗದಲ್ಲಿ ಪಡೆಯುತ್ತಿದ್ದರು. ನಮ್ಮ ಮನೆಗಳಲ್ಲಿ ಈಗ ಮಿಕ್ಸಿ ಇದೆ. ಅದರ ಸದ್ದಿನಲ್ಲಿ ಹಾಡೋಕಾಗಲ್ಲ, ಹಾಗಾಗಿ ನಾವು ಬೇರೆ ಕಲ್ಲು ಹುಡುಕಿಕೊಳ್ಳಬೇಕು.

ನಿಮ್ಮ ಕಲ್ಲು ಚಿತ್ರ ಬಿಡಿಸೋದು ಇರಬಹುದು, ಡೊಳ್ಳು, ಕಸೂತಿ, ಯಕ್ಷಗಾನ ಯಾವುದೂ ಇರಬಹುದು. ಚೆನ್ನಾಗಿ ಬರಬೇಕು ಅಂತಿಲ್ಲ, ಸ್ಟೇಟಸ್‌ಗೆ ಹಾಕಬೇಕು ಅಂತಂತೂ ಇಲ್ಲವೇ ಇಲ್ಲ. ಬರೆಯೋದಾದರೆ ನಾಲ್ಕು ದಿನ, 15 ನಿಮಿಷ, ಕಾಗುಣಿತ ನೋಡಬೇಡಿ. ಬರೆದದ್ದನ್ನು ಹರಿದು ಹಾಕಿದರೂ ಸರಿ. ಆದರೆ ಬರೆಯುತ್ತಾ ಹೋದಂತೆ ಕುಸಿಯುತ್ತಿದ್ದೀರಿ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ನಿದ್ದೆ ಊಟ ಬಿಟ್ಟು ಹೋಗಿದ್ದರೆ, ಬದುಕೇ ಬೇಡ ಅನ್ನಿಸಿದರೆ ಡೈರಿ ಸಾಕಾಗಲ್ಲ, ಮನೋವೈದ್ಯರು ಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕಳೆದ ತಿಂಗಳು ಚಿಕ್ಕಪ್ಪನ ಮಗಳ ಸೀಮಂತ ಇತ್ತು. ‘ಬರಲೇಬೇಕು ಅಂತೇನಿಲ್ಲ ಅಕ್ಕ’ ಅಂತ ಅವಳೇ ಫೋನ್ ಮಾಡಿದ್ದಳು. ಹೋದೆ. ಹಸಿರು ಬಳೆ ತೊಡಿಸಿದೆ, ಅವಳ ಕೈ ಬೆಚ್ಚಗಿತ್ತು. ಹೋಳಿಗೆ ಊಟ ಮಾಡಿದೆ, ಎರಡನೇ ಸಲ ತುಪ್ಪ ಹಾಕಿಸಿಕೊಂಡೆ. ರಾತ್ರಿ ಮನೆಗೆ ಬಂದು ಅರ್ಧ ಪುಟ ಬರೆದು, ದೀಪ ಆರಿಸಿ ಮಲಗಿದೆ. ಚೆನ್ನಾಗಿ ನಿದ್ದೆ ಬಂತು.