ಜಡ್ಜ್ ಹೆಣ್ಣು, ಅದಕ್ಕೇ ಬೇಡ್ವಂತೆ!

(1/6)
ಒಂದು ಪ್ರಶ್ನೆ ಕೇಳ್ತೀನಿ. ಉತ್ತರ ಸದ್ಯಕ್ಕೆ ಮನಸ್ಸಲ್ಲೇ ಇಟ್ಕೊಳ್ಳಿ.

ಒಂದು ದೊಡ್ಡ ಲಾ ಫರ್ಮ್. ಕೆಲಸ ಕೊಡುವಾಗ ಹೆಣ್ಣುಮಕ್ಕಳಿಗೆ ತಾರತಮ್ಯ ಮಾಡ್ತಿದೆ ಅಂತ ಅದರ ಮೇಲೆ ಕೇಸು. ಕೇಸು ಹೋಗಿದ್ದು ಒಬ್ಬ ಮಹಿಳಾ ಜಡ್ಜ್ ಮುಂದೆ. ಆಗ ಫರ್ಮ್ ಕಡೆಯವರ ವಾದ ಏನು ಗೊತ್ತಾ? ನೀವು ಹೆಣ್ಣು, ಜೊತೆಗೆ ಕಪ್ಪು ಜನಾಂಗದವರು, ತಾರತಮ್ಯದ ವಿರುದ್ಧವೇ ಕೇಸು ನಡೆಸಿದವರು, ಹಾಗಾಗಿ ಈ ಕೇಸಿಂದ ಹಿಂದೆ ಸರೀರಿ ಅಂತ. ಸರಿನಾ ಇದು?

ಕಥೆ ಕಟ್ಟಿ ಹೇಳ್ತಿಲ್ಲ. 1975ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದದ್ದು. ಫರ್ಮ್ ಹೆಸರು ಸಲಿವನ್ ಆಂಡ್ ಕ್ರಾಮ್‌ವೆಲ್. ಜಡ್ಜ್ ಹೆಸರು ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ, ಅಮೆರಿಕದಲ್ಲಿ ಫೆಡರಲ್ ನ್ಯಾಯಾಧೀಶರಾದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆ. ಅವರು ಕೊಟ್ಟ ಉತ್ತರ ಐದನೇ ಭಾಗದಲ್ಲಿದೆ. ನೇರ ಅಲ್ಲಿಗೆ ಹೋಗ್ಬೇಡಿ ಪ್ಲೀಸ್. ಅವರು ಯಾರು ಅಂತ ಗೊತ್ತಾದ್ರೆ ಮಾತ್ರ ಆ ಉತ್ತರದ ತೂಕ ಗೊತ್ತಾಗೋದು.

(2/6)
ಹುಟ್ಟಿದ್ದು 1921ರ ಸೆಪ್ಟೆಂಬರ್ 14, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಲ್ಲಿ. ಅಪ್ಪ ಅಮ್ಮ ಕೆರಿಬಿಯನ್‌ನ ನೀವಿಸ್ ದ್ವೀಪದಿಂದ ಬಂದವರು. ಹನ್ನೆರಡು ಮಕ್ಕಳಲ್ಲಿ ಇವರು ಒಂಬತ್ತನೆಯವರು. ಅಪ್ಪ ಯೇಲ್ ಯೂನಿವರ್ಸಿಟಿಯ ಹುಡುಗರ ಕ್ಲಬ್ಬುಗಳಲ್ಲಿ ಅಡುಗೆ ಮಾಡ್ತಿದ್ರು. ಮಗಳಿಗೆ ಹೈಸ್ಕೂಲಲ್ಲೇ ಲಾಯರ್ ಆಗ್ಬೇಕು ಅನ್ನೋ ಆಸೆ. ಆದ್ರೆ ಕಾಲೇಜಿಗೆ ಕಳಿಸೋಕೆ ಮನೇಲಿ ದುಡ್ಡಿಲ್ಲ.

ಊರಲ್ಲಿ ಕಪ್ಪು ಜನರಿಗಾಗಿ ಅಂತ ಕಟ್ಟಿದ ಒಂದು ಸಮುದಾಯ ಭವನ ಇತ್ತು. ಜನ ಯಾಕೆ ಬರ್ತಿಲ್ಲ ಅಂತ ಅಲ್ಲೊಂದು ಸಭೆ. ಈ ಹುಡುಗಿ ಎದ್ದು ನಿಂತು, ಇದನ್ನ ನಡೆಸೋ ಮಂಡಳಿಯಲ್ಲಿ ನಮ್ಮವರೇ ಇಲ್ಲ, ಮತ್ತೆ ಜನ ಯಾಕೆ ಬರ್ತಾರೆ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಕೇಳ್ತಾ ಕೂತವರಲ್ಲಿ ಕ್ಲಾರೆನ್ಸ್ ಬ್ಲೇಕ್ಸ್‌ಲೀ ಅನ್ನೋ ಬಿಳಿಯ ಶ್ರೀಮಂತರೊಬ್ಬರಿದ್ರು. ಅವರಿಗೆ ಕೋಪ ಬರಲಿಲ್ಲ, ಬದಲಿಗೆ ಓದಿನ ಖರ್ಚು ಪೂರ್ತಿ ನಂದು ಅಂದ್ರು.

1943ರಲ್ಲಿ ನ್ಯೂಯಾರ್ಕ್ ಯೂನಿವರ್ಸಿಟಿಯಿಂದ ಎಕನಾಮಿಕ್ಸ್ ಡಿಗ್ರಿ (ಕಾಮರ್ಸ್‌ನವರು ಇಲ್ಲೊಂದು ಚಪ್ಪಾಳೆ ಹೊಡೀಬಹುದು 😌). 1946ರಲ್ಲಿ ಕೊಲಂಬಿಯಾದಿಂದ ಕಾನೂನು ಡಿಗ್ರಿ.

(3/6)
ಓದು ಮುಗಿಯೋ ಮುಂಚೆಯೇ, 1945ರಲ್ಲಿ, ತರ್ಗುಡ್ ಮಾರ್ಷಲ್ ಅವರ ಆಫೀಸ್ ಸೇರಿದ್ರು. ಕಪ್ಪು ಜನರ ಹಕ್ಕುಗಳಿಗಾಗಿ ಕೋರ್ಟಲ್ಲಿ ಹೋರಾಡ್ತಿದ್ದ ಎನ್‌ಎಎಸಿಪಿಯ ಕಾನೂನು ವಿಭಾಗ ಅದು. 1954ರಲ್ಲಿ ಶಾಲೆಗಳ ಬಣ್ಣಭೇದವನ್ನು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿದ ಬ್ರೌನ್ ಕೇಸು ಕೇಳಿರ್ತೀರ. ಅದರ ಮೂಲ ದೂರಿನ ಕರಡು ಬರೆದವರು ಮಾಟ್ಲಿ.

ತೀರ್ಪು ಬಂತು, ಆದ್ರೆ ಬಾಗಿಲು ತೆರೀಲಿಲ್ಲ. ಒಂದೊಂದು ಕಾಲೇಜಿನ ಬಾಗಿಲಿಗೂ ಒಂದೊಂದು ಕೇಸು ಹಾಕಬೇಕಾಯ್ತು. ಜೇಮ್ಸ್ ಮೆರೆಡಿತ್ ಅನ್ನೋ ಕಪ್ಪು ಯುವಕನಿಗೆ ಮಿಸಿಸಿಪಿ ಯೂನಿವರ್ಸಿಟಿಯಲ್ಲಿ ಸೀಟು ಕೊಡಿಸೋಕೆ ಮಾಟ್ಲಿ ಮತ್ತೆ ಮತ್ತೆ ಆ ರಾಜ್ಯಕ್ಕೆ ಹೋದ್ರು. ಅಲ್ಲಿ ಅವರನ್ನ ಕಾರಲ್ಲಿ ಕರ್ಕೊಂಡು ಓಡಾಡ್ತಿದ್ದ ಮೆಡ್ಗರ್ ಎವರ್ಸ್ ಅವರನ್ನ 1963ರ ಜೂನ್‌ನಲ್ಲಿ ಅವರ ಮನೆ ಮುಂದೆಯೇ ಗುಂಡು ಹೊಡೆದು ಕೊಂದ್ರು. ಕೇಸು ಗೆದ್ದ ಮೇಲೂ ರಾಜ್ಯದ ಗವರ್ನರ್ ಅಡ್ಡ ನಿಂತ್ರು. 1962ರ ಸೆಪ್ಟೆಂಬರ್ 30ರ ರಾತ್ರಿ ಕ್ಯಾಂಪಸ್ಸಲ್ಲಿ ಗಲಭೆ, ಎರಡು ಸಾವು, ಮಿಲಿಟರಿ. ಮಾರನೇ ದಿನ ಮೆರೆಡಿತ್ ಅಡ್ಮಿಷನ್ ಆಯ್ತು. ನಾವು ಆನ್‌ಲೈನಲ್ಲಿ ಫಾರ್ಮ್ ತುಂಬಿ ಫೀಸ್ ಕಟ್ಟಿ ಮುಗಿಸೋ ಅದೇ ಅಡ್ಮಿಷನ್.

1963ರಲ್ಲಿ ಬರ್ಮಿಂಗ್‌ಹ್ಯಾಮ್ ಊರಲ್ಲಿ ಮೆರವಣಿಗೆಗೆ ಹೋದ್ರು ಅಂತ ಸಾವಿರಕ್ಕೂ ಹೆಚ್ಚು ಸ್ಕೂಲ್ ಮಕ್ಕಳನ್ನ ಹೊರಗೆ ಹಾಕಿದ್ರು. ಅವರನ್ನ ಕೋರ್ಟ್ ಮೂಲಕ ವಾಪಸ್ ಕ್ಲಾಸಿಗೆ ಕೂರಿಸಿದ್ದೂ ಇವರೇ.

(4/6)
ಸುಪ್ರೀಂ ಕೋರ್ಟಲ್ಲಿ ವಾದ ಮಾಡಿದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆ ಮಾಟ್ಲಿ. ಹತ್ತು ಕೇಸು, ಒಂಬತ್ತು ಗೆಲುವು. ಎಲ್ಲರೂ ಆ ಒಂಬತ್ತನ್ನ ಹೇಳ್ತಾರೆ. ನಾನು ಸೋತ ಒಂದನ್ನ ಹೇಳ್ತೀನಿ.

ಅಲಬಾಮಾ ರಾಜ್ಯದಲ್ಲಿ ರಾಬರ್ಟ್ ಸ್ವೇನ್ ಅನ್ನೋ ಕಪ್ಪು ಯುವಕನಿಗೆ ಮರಣದಂಡನೆ ಆಗಿತ್ತು. ತೀರ್ಪು ಕೊಟ್ಟ ಜ್ಯೂರಿಯಲ್ಲಿ ಬರೀ ಬಿಳಿಯರು. ಪಟ್ಟಿಯಲ್ಲಿ ಉಳಿದಿದ್ದ ಆರು ಕಪ್ಪು ಜನರನ್ನೂ ಸರ್ಕಾರಿ ವಕೀಲರು ಕಾರಣ ಕೊಡದೇ ತೆಗೆದುಹಾಕಿದ್ರು. ಆಗಿನ ಕಾನೂನಲ್ಲಿ ಅದಕ್ಕೆ ಅವಕಾಶ ಇತ್ತು. 1965ರಲ್ಲಿ ಸುಪ್ರೀಂ ಕೋರ್ಟ್ ಮಾಟ್ಲಿ ವಾದ ಒಪ್ಪಲಿಲ್ಲ. ಇಪ್ಪತ್ತೊಂದು ವರ್ಷ ಆದ್ಮೇಲೆ, 1986ರಲ್ಲಿ, ಬ್ಯಾಟ್ಸನ್ ಕೇಸಲ್ಲಿ ಅದೇ ಕೋರ್ಟ್ ತನ್ನ ನಿಲುವು ಬದಲಿಸಿತು.

ಸೂಕ್ಷ್ಮ ಗಮನಿಸಿದ್ರಾ? ಕಪ್ಪು ಆರೋಪಿಯ ಬಗ್ಗೆ ಹನ್ನೆರಡು ಬಿಳಿಯರು ತೀರ್ಮಾನ ಮಾಡಿದ್ರೆ ಅದು ನ್ಯೂಟ್ರಲ್. ಒಬ್ಬ ಕಪ್ಪು ಮನುಷ್ಯ ಅಲ್ಲಿ ಕೂತ್ರೆ ಮಾತ್ರ ಪಕ್ಷಪಾತದ ಭಯ.

1966ರ ಜನವರಿಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಇವರನ್ನ ನ್ಯೂಯಾರ್ಕ್‌ನ ಫೆಡರಲ್ ಜಡ್ಜ್ ಹುದ್ದೆಗೆ ಹೆಸರಿಸಿದ್ರು. ಸೆನೆಟ್ ಸಮಿತಿಯ ಅಧ್ಯಕ್ಷ ಜೇಮ್ಸ್ ಈಸ್ಟ್‌ಲ್ಯಾಂಡ್, ಅದೇ ಮಿಸಿಸಿಪಿಯವರು. ಏಳು ತಿಂಗಳು ಎಳೆದಾಡಿದ ಮೇಲೆ ಆಗಸ್ಟ್ 30ಕ್ಕೆ ಒಪ್ಪಿಗೆ ಸಿಕ್ತು.

(5/6)
ಈಗ 1975ಕ್ಕೆ ವಾಪಸ್ ಬನ್ನಿ. ಹಿಂದೆ ಸರೀರಿ ಅಂದವರಿಗೆ ಮಾಟ್ಲಿ ಕೊಟ್ಟ ಉತ್ತರದ ಸಾರ ಇಷ್ಟೇ: ಹಿನ್ನೆಲೆ, ಲಿಂಗ, ಜನಾಂಗ ಇವುಗಳ ಕಾರಣಕ್ಕೇ ಜಡ್ಜ್ ಹಿಂದೆ ಸರೀಬೇಕು ಅನ್ನೋದಾದ್ರೆ ಈ ಕೋರ್ಟಿನ ಒಬ್ಬ ಜಡ್ಜೂ ಈ ಕೇಸು ನಡೆಸೋ ಹಾಗಿಲ್ಲ. ಯಾಕಂದ್ರೆ ಎಲ್ಲರಿಗೂ ಒಂದು ಲಿಂಗ ಇದೆ, ಒಂದು ಜನಾಂಗ ಇದೆ. ಹೆಣ್ಣು ಜಡ್ಜ್‌ಗೆ ಪಕ್ಷಪಾತ ಇರಬಹುದಾದ್ರೆ ಗಂಡು ಜಡ್ಜ್‌ಗೆ ಯಾಕಿಲ್ಲ? ಅವರು ಸರೀಲಿಲ್ಲ. ಕೇಸು ಕೊನೆಗೆ ರಾಜಿಯಲ್ಲಿ ಮುಗೀತು.

ಆಡಿಟಿಂಗ್ ಪೇಪರ್ ನೆನಪಿಸಿಕೊಳ್ಳಿ. 2013ರ ಕಂಪನಿ ಕಾಯ್ದೆ, ಸೆಕ್ಷನ್ 141. ಆ ಕಂಪನಿಯ ಷೇರು ಇಟ್ಕೊಂಡವರು ಅದರ ಆಡಿಟರ್ ಆಗೋ ಹಾಗಿಲ್ಲ, ಅಲ್ಲಿನ ನೌಕರರೂ ಆಗೋ ಹಾಗಿಲ್ಲ. ಅಂದ್ರೆ ಆಡಿಟರ್ ಕೈಕಟ್ಟಿ ಹಾಕಬಹುದಾದ ನಂಟು ಯಾವುದು ಅಂತ ಕಾಯ್ದೆ ನೋಡುತ್ತೆ. ಅವರು ಹೆಣ್ಣಾ ಗಂಡಾ ಅಂತ ಎಲ್ಲೂ ಕೇಳಲ್ಲ. ಹಿತಾಸಕ್ತಿ ಬೇರೆ, ಗುರುತು ಬೇರೆ. ಐದು ಮಾರ್ಕ್ಸ್‌ಗೆ ಬಾಯಿಪಾಠ ಮಾಡಿದ ಈ ವಿಷಯ ನಂಗೆ ನಿಜವಾಗಿ ಅರ್ಥ ಆಗಿದ್ದು ಮಾಟ್ಲಿ ಬಗ್ಗೆ ಓದಿದ ಮೇಲೆ.

(6/6)
ಇದನ್ನೆಲ್ಲ ಈಗ ಯಾಕೆ ಬರೀತಿದೀನಿ ಅಂತ ನನ್ನ ಕ್ಲಾಸಿನವರಿಗೆ ಗೊತ್ತು. ಬೇರೆಯವರಿಗೆ ಎರಡು ಸಾಲಲ್ಲಿ ಹೇಳ್ತೀನಿ. ಹೋದ ತಿಂಗಳು ಒಂದು ಆಡಿಟ್ ಆಫೀಸಿನವರು ಇಂಟರ್ನ್‌ಶಿಪ್‌ಗೆ ಹುಡುಗರೇ ಇರ್ಲಿ, ರಾತ್ರಿ ಲೇಟಾಗುತ್ತೆ ಅಂದ್ರು. ನಿಮಗೆ ಬರೋಕಾಗುತ್ತಾ ಅಂತ ನಮ್ಮನ್ನ ಒಬ್ಬರೂ ಕೇಳಲಿಲ್ಲ. ನಾವು ಐದು ಜನ ಡಿಪಾರ್ಟ್‌ಮೆಂಟಿಗೆ ಕೊಡೋಕೆ ಲೆಟರ್ ಬರೆದ್ವಿ.

ಗ್ರೂಪಲ್ಲಿ ಒಬ್ಬರು ಒಳ್ಳೇ ಮನಸ್ಸಿಂದಲೇ ಹೇಳಿದ್ರು, ಮೊದಲ ಸಹಿ ಹುಡುಗಂದು ಇರ್ಲಿ, ಆಗ ನ್ಯೂಟ್ರಲ್ ಅನ್ಸುತ್ತೆ ಅಂತ. ಸುಮಾರು ಜನ 👍 ಹಾಕಿದ್ರು.

ಅವರಿಗೆ ನನ್ನ ಉತ್ತರ ಇಷ್ಟು ಉದ್ದ ಆಯ್ತು. ಆ ಸೀಟು ಸಿಗೋದು ಹುಡುಗರಿಗೆ. ಹಾಗೆ ನೋಡಿದ್ರೆ ಹಿತಾಸಕ್ತಿ ಯಾರಿಗಿದೆ ಹೇಳಿ? ಆದ್ರೂ ಹುಡುಗರು ಸಹಿ ಮಾಡಬಾರದು ಅಂತ ನಾವು ಹೇಳಲ್ಲ, ಖಂಡಿತ ಮಾಡಿ. ಆದ್ರೆ ನಮ್ಮ ಮಾತು ನಿಜ ಅಂತ ತೋರಿಸೋಕೆ ನಿಮ್ಮ ಹೆಸರು ಮೇಲೆ ಇರ್ಬೇಕು ಅನ್ನೋದನ್ನ ಮಾತ್ರ ಒಪ್ಪಲ್ಲ.

ಮಾಟ್ಲಿ 1982ರಲ್ಲಿ ಅದೇ ಕೋರ್ಟಿನ ಮುಖ್ಯ ನ್ಯಾಯಾಧೀಶರಾದ್ರು. 2005ರಲ್ಲಿ ತೀರಿಕೊಂಡ್ರು. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಕೆಟಾಂಜಿ ಬ್ರೌನ್ ಜ್ಯಾಕ್ಸನ್ ಹುಟ್ಟಿದ್ದೂ ಸೆಪ್ಟೆಂಬರ್ 14ರಂದೇ. ಹೆಸರು ಪ್ರಕಟವಾದ ದಿನ ಅವರು ಮಾಟ್ಲಿಯನ್ನ ನೆನೆದ್ರು.

ಲೆಟರ್ ಸೋಮವಾರ ಕೊಡ್ತೀವಿ. ಮೊದಲ ಸಹಿ ನಂದು. ಕೆಳಗೆ ಬೇಕಾದಷ್ಟು ಜಾಗ ಇದೆ, ಪೆನ್ ತಗೊಂಡು ಬನ್ನಿ. 🖊️

#ಕಾನ್‌ಸ್ಟನ್ಸ್_ಬೇಕರ್_ಮಾಟ್ಲಿ #ಉದ್ದ_ಕ್ಯಾಪ್ಷನ್ #ಬಿಕಾಂ_ಹುಡುಗಿ #ಓದಿ_ಹೇಳಿ