ಕುಡುಪಿನ ದಾರಿಯಲ್ಲೊಂದು ಕಸದ ಗುಡ್ಡ

ಮಂಗಳೂರು ಎಂದರೆ ನಿಮಗೆ ಏನು ನೆನಪಾಗುತ್ತದೆ, ಸೋದರಿಯರೇ? ಸಮುದ್ರ, ಮಲ್ಲಿಗೆ, ನೀರುದೋಸೆ, ಕದ್ರಿ ದೇವಸ್ಥಾನ, ಮಂಗಳಾದೇವಿ, ಕುದ್ರೋಳಿಯ ದಸರಾ. ನಮ್ಮ ತಿಪಟೂರಿನ ಕಡೆಯವರು ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿಕೊಂಡು, ಹಾಗೇ ಒಂದು ದಿನ ಮಂಗಳೂರಿನಲ್ಲಿ ತಂಗಿ, ಪಣಂಬೂರಿನ ಅಲೆಯಲ್ಲಿ ಮಕ್ಕಳ ಕಾಲು ತೋಯಿಸಿಕೊಂಡು ಬರುವುದು ವಾಡಿಕೆ. ಇದೆಲ್ಲ ನೋಡಬೇಕಾದದ್ದೇ, ಬೇಡ ಅನ್ನುವುದಿಲ್ಲ. ಆದರೆ ಇವತ್ತು ನಾನು ಬರೆಯಹೊರಟಿರುವುದು ಯಾವ ಪ್ರವಾಸದ ಪುಸ್ತಕದಲ್ಲೂ ಇಲ್ಲದ ಜಾಗದ ಬಗ್ಗೆ. ಅದರ ಹೆಸರು ಮಂದಾರ. ಹೆಸರು ಎಷ್ಟು ಚೆನ್ನಾಗಿದೆ ನೋಡಿ!

ನಮ್ಮೂರಿನಿಂದ ಅರಸೀಕೆರೆ, ಹಾಸನ, ಸಕಲೇಶಪುರ ದಾಟಿದರೆ ಶಿರಾಡಿ ಘಾಟಿ ಶುರು. ಬಸ್ಸು ತಿರುವುಗಳಲ್ಲಿ ಇಳಿಯತೊಡಗಿದರೆ ಪಕ್ಕದಲ್ಲೇ ಕೆಂಪುಹೊಳೆ ಕಲ್ಲಿನಿಂದ ಕಲ್ಲಿಗೆ ಹಾರುತ್ತಾ ನಮ್ಮ ಜೊತೆಗೇ ಬರುತ್ತದೆ. ಎಂಥ ಹಸಿರು ಅಂತೀರಿ! ಕಣ್ಣಿಗೆ ತಂಪು. ಅಷ್ಟರಲ್ಲಿ ನನ್ನ ಮುಂದಿನ ಸೀಟಿನ ತಾಯಿಯೊಬ್ಬರು ಮಗು ತಿಂದು ಮುಗಿಸಿದ ಚಿಪ್ಸಿನ ಪೊಟ್ಟಣವನ್ನು ಕಿಟಕಿಯಿಂದ ಬಿಟ್ಟರು. ಅದು ಗಾಳಿಯಲ್ಲಿ ಹೊಳೆಯುತ್ತಾ ಹೊಳೆಯ ಕಡೆಗೇ ಹೋಯಿತು. ಪಾಪ, ಬಸ್ಸಿನೊಳಗೆ ಕಸ ಹಾಕಬಾರದು ಎಂಬ ಶುಚಿ ಅವರಿಗೆ ಚೆನ್ನಾಗಿಯೇ ಇತ್ತು.

ಆ ಪೊಟ್ಟಣ ಎಲ್ಲಿಗೆ ಹೋಗುತ್ತದೆ ಗೊತ್ತೇ? ಕೆಂಪುಹೊಳೆ ಗುಂಡ್ಯ ಹೊಳೆಗೆ ಸೇರುತ್ತದೆ. ಗುಂಡ್ಯ ಕುಮಾರಧಾರೆಗೆ. ಸುಬ್ರಹ್ಮಣ್ಯದಲ್ಲಿ ನಾವು ಸ್ನಾನ ಮಾಡುತ್ತೇವಲ್ಲ, ಅದೇ ಕುಮಾರಧಾರೆ. ಅದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ನೇತ್ರಾವತಿಗೆ ತುಂಬೆಯಲ್ಲಿ ಕಿಂಡಿ ಅಣೆಕಟ್ಟು ಕಟ್ಟಿ, ಅಲ್ಲಿಂದಲೇ ಮಂಗಳೂರಿನ ನಲ್ಲಿಗಳಿಗೆ ಕುಡಿಯುವ ನೀರು ಕೊಡುತ್ತಾರೆ. ಆ ತಾಯಿಯೂ ನಾನೂ ಸಂಜೆ ಮಂಗಳೂರಿನಲ್ಲಿ ಇಳಿದು ಕುಡಿಯಲಿದ್ದದ್ದು ಅದೇ ನೀರನ್ನು.

ನಮ್ಮಕ್ಕ ಮಂಗಳೂರಿಗೆ ಮದುವೆಯಾಗಿ ಹೋಗಿ ಇಪ್ಪತ್ತೈದು ವರ್ಷವಾಯಿತು. ಅವಳ ಭಾಷೆಯೇ ಬದಲಾಗಿಬಿಟ್ಟಿದೆ. "ಉಂಟು, ಬೇಕಿತ್ತಾ?" ಅಂತಾಳೆ. ನಾಗರ ಪೂಜೆಯ ಹರಕೆಯೊಂದಿತ್ತು, ಅದಕ್ಕೆ ಕುಡುಪಿಗೆ ಹೋಗಬೇಕೆಂದು ನನ್ನನ್ನೂ ಕರೆದುಕೊಂಡು ಹೊರಟಳು. ಕುಡುಪು ನಗರದಿಂದ ಸುಮಾರು ಹತ್ತು ಕಿಲೋಮೀಟರು, ಮೂಡುಬಿದಿರೆ ರಸ್ತೆಯಲ್ಲಿದೆ. ಅನಂತಪದ್ಮನಾಭನ ಹಳೆಯ ದೇವಸ್ಥಾನ, ನಾಗಾರಾಧನೆಗೆ ಹೆಸರಾದದ್ದು. ಷಷ್ಠಿಯ ದಿನ ಕಾಲಿಡಲು ಜಾಗವಿರುವುದಿಲ್ಲವಂತೆ. ನಾವು ಹೋದದ್ದು ಬೇಸಿಗೆಯ ಒಂದು ವಾರದ ದಿನ, ನೆಮ್ಮದಿಯಾಗಿ ಪೂಜೆ ಮಾಡಿಸಿ, ಪ್ರಸಾದ ತೆಗೆದುಕೊಂಡು ಹೊರಬಂದೆವು. "ಇಷ್ಟು ದೂರ ಬಂದಿದ್ದೀ, ಮಂದಾರ ನೋಡಿಕೊಂಡು ಹೋಗು" ಎಂದಳು ಅಕ್ಕ.

ಆಟೋದಲ್ಲಿ ಸ್ವಲ್ಪವೇ ದೂರ. ಮೊದಲು ಬಂದದ್ದು ವಾಸನೆ. ಆಮೇಲೆ ಹದ್ದುಗಳು, ಕೊಕ್ಕರೆಗಳು. ಆಮೇಲೆ ಗುಡ್ಡ. ಮೇಲೆ ಗಿಡಬಳ್ಳಿ ಹಬ್ಬಿ ಹಸಿರಾಗಿರುವುದರಿಂದ ಮೊದಲು ನೋಡಿದವರಿಗೆ ಮಾಮೂಲಿ ಗುಡ್ಡವೆಂದೇ ಅನ್ನಿಸುತ್ತದೆ. ಕಣ್ಣಿಟ್ಟು ನೋಡಿದರೆ ಹಸಿರಿನ ಸಂದಿಯಿಂದ ನೀಲಿ, ಬಿಳಿ, ಹಳದಿ ಪ್ಲಾಸ್ಟಿಕ್ ಚೂರುಗಳು ಇಣುಕುತ್ತವೆ.

ಮೇಲ್ಗಡೆ ಇರುವುದು ಪಚ್ಚನಾಡಿ. ಮಂಗಳೂರು ನಗರದ ಕಸವನ್ನು ಎಷ್ಟೋ ವರ್ಷಗಳಿಂದ ತಂದು ಸುರಿದ ಜಾಗ. ಕೆಳಗಿನ ಕಣಿವೆಯಲ್ಲಿ ಮಂದಾರ. ಅಲ್ಲಿ ಅಡಿಕೆ, ತೆಂಗಿನ ತೋಟಗಳಿದ್ದವು, ಬಾವಿಗಳಿದ್ದವು, ಮನೆಗಳಿದ್ದವು. 2019ರ ಆಗಸ್ಟ್ ತಿಂಗಳಲ್ಲಿ ಬಿಡದೆ ಮಳೆ ಸುರಿದಾಗ ಆ ಕಸದ ಗುಡ್ಡ ನೀರು ಕುಡಿದು ಕುಡಿದು, ಒಂದು ದಿನ ಜರಿದು ಕಣಿವೆಗೆ ಹರಿಯಿತು. ದಿನಗಟ್ಟಲೆ ಹರಿಯಿತು! ತೋಟ ಮುಚ್ಚಿತು, ಮನೆ ಮುಚ್ಚಿತು. ಇಪ್ಪತ್ತಕ್ಕೂ ಹೆಚ್ಚು ಸಂಸಾರಗಳು ಊರು ಬಿಟ್ಟು, ಸರ್ಕಾರ ತೋರಿಸಿದ ಕಡೆ ಹೋಗಿ ಇರಬೇಕಾಯಿತು. ಕಸದಿಂದ ಇಳಿದ ಕಪ್ಪು ನೀರು ತೋಡುಗಳ ಮೂಲಕ ಫಲ್ಗುಣಿ ನದಿಯ ಕಡೆ ಹೋಯಿತು.

ದಾರಿಯಲ್ಲಿ ಒಬ್ಬ ಹೆಂಗಸು ಸಿಕ್ಕಿದರು, ನಮ್ಮದೇ ವಯಸ್ಸು. ಅಕ್ಕ ತುಳುವಿನಲ್ಲಿ ಮಾತಾಡಿಸಿದಳು. ನನಗಾಗಿ ಅವರು ಕನ್ನಡಕ್ಕೆ ತಿರುಗಿದರು. "ಎಂತ ಹೇಳುದು ಅಕ್ಕಾ, ಕಂಗಿನ ಮರಗಳು ನಿಂತ ಹಾಗೆಯೇ ಮುಂದೆ ಮುಂದೆ ಬರ್ತಾ ಇದ್ದವು. ಮರ ನಡೆಯುದು ನೀವು ನೋಡಿದ್ದೀರಾ? ನಾವು ನೋಡಿದ್ದೇವೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅಂಗಳಕ್ಕೆ ಬಂದದ್ದು ನಮ್ಮ ಕಸ ಅಲ್ಲ. ನಮಗೆ ತೋಟ ಇತ್ತು, ಗೊಬ್ಬರದ ಗುಂಡಿ ಇತ್ತು. ಕಸ ಅಂತ ನಾವು ಹೊರಗೆ ಕೊಟ್ಟದ್ದೇ ಇಲ್ಲ" ಎಂದರು. ನನಗೆ ಏನು ಹೇಳಲೂ ತೋಚಲಿಲ್ಲ. ಅಕ್ಕ ಅವರ ಕೈಗೆ ಕುಡುಪಿನ ಪ್ರಸಾದ ಕೊಟ್ಟಳು.

ಗುಡ್ಡ ಜರಿಯುವುದು ಹೇಗೆ ಎಂದು ನನ್ನ ಅಕ್ಕನ ಮಗ ವಿವರಿಸಿದ. ಅವನು ಇಂಜಿನಿಯರಿಂಗ್ ಓದುತ್ತಿದ್ದಾನೆ. ನಾವು ಸಿಪ್ಪೆ, ಉಳಿದ ಅನ್ನ, ಚಹಾಪುಡಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟು ಕಟ್ಟುತ್ತೇವಲ್ಲ, ಆ ಗಂಟಿನೊಳಗೆ ಗಾಳಿ ಆಡುವುದಿಲ್ಲ. ಗಾಳಿ ಇದ್ದರೆ ಸಿಪ್ಪೆ ಗೊಬ್ಬರವಾಗುತ್ತದೆ, ಇಲ್ಲದಿದ್ದರೆ ಕೊಳೆತು ಮೀಥೇನ್ ಅನಿಲವಾಗುತ್ತದೆ. ಅದು ಹೊತ್ತಿ ಉರಿಯುವ ಅನಿಲ. ಇನ್ನು ಪ್ಲಾಸ್ಟಿಕ್ ಹಾಳೆಗಳು ಒಂದರ ಮೇಲೊಂದು ಕೂತು ಮಳೆನೀರು ಕೆಳಗೆ ಇಂಗದ ಹಾಗೆ, ಹೊರಗೂ ಹೋಗದ ಹಾಗೆ ಹಿಡಿದಿಡುತ್ತವೆ. ಹಾಗಾಗಿ ಗುಡ್ಡದ ತೂಕ ಏರುತ್ತದೆ, ಒಳಗೆ ಜಾರಿಕೆಯೂ ಹೆಚ್ಚುತ್ತದೆ. ಮಳೆಗಾಲದಲ್ಲಿ ಜರಿದ ಅದೇ ಪಚ್ಚನಾಡಿಯಲ್ಲಿ 2023ರ ಜನವರಿಯಲ್ಲಿ ಬೆಂಕಿ ಹತ್ತಿ ಹೊಗೆ ಎದ್ದಿತ್ತು. ಸಿಪ್ಪೆಯೊಂದನ್ನೇ ಸುರಿದಿದ್ದರೆ ಇಷ್ಟಾಗುತ್ತಿರಲಿಲ್ಲ, ಪ್ಲಾಸ್ಟಿಕ್ಕೊಂದನ್ನೇ ಸುರಿದಿದ್ದರೂ ಇಷ್ಟಾಗುತ್ತಿರಲಿಲ್ಲ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೇ ತೊಂದರೆ. ಆ ಚೀಲದ ಬಾಯಿ ಕಟ್ಟುವ ಕೈ ಬಹುಮಟ್ಟಿಗೆ ಹೆಂಗಸಿನದು, ಅದಕ್ಕೇ ಈ ಪತ್ರಿಕೆಗೆ ಬರೆಯುತ್ತಿದ್ದೇನೆ.

ಹಸಿ ಕಸ, ಒಣ ಕಸ, ಅಪಾಯದ ಕಸ ಎಂದು ಮನೆಯಲ್ಲೇ ಬೇರೆ ಮಾಡಬೇಕೆಂದು 2016ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿದರು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಪ್ಲಾಸ್ಟಿಕ್ ಚಮಚ, ಸ್ಟ್ರಾ, ತಟ್ಟೆ ಬೇಡವೆಂದಾಯಿತು. ಸಂತೆಗೆ ಹೋಗಿ ನೋಡಿ, ಕೊತ್ತಂಬರಿ ಸೊಪ್ಪು ಯಾವುದರಲ್ಲಿ ಕೊಡುತ್ತಾರೆ ಅಂತ! ಕಾನೂನನ್ನು ಕಾಯುತ್ತಾ ಕೂರುವುದಕ್ಕಿಂತ ಬಟ್ಟೆಚೀಲ ಹಿಡಿದು ಹೋಗುವುದು ಸುಲಭ.

ಅಕ್ಕನ ಅಡುಗೆಮನೆ ನೋಡಿ ನನಗೆ ಸಂತೋಷವಾಯಿತು. ಮಂದಾರದ ಘಟನೆಯ ನಂತರ ಅವಳು ಹಸಿ ಕಸವನ್ನು ಹೊರಗೆ ಕೊಡುವುದನ್ನೇ ನಿಲ್ಲಿಸಿದ್ದಾಳೆ. ಹಿತ್ತಲಲ್ಲಿ ಎರಡು ಮಣ್ಣಿನ ಗಡಿಗೆ. ತಳಕ್ಕೂ ಪಕ್ಕಕ್ಕೂ ತೂತು. ಒಂದು ಪದರ ಸಿಪ್ಪೆ, ಅದರ ಮೇಲೆ ಒಂದು ಪದರ ಒಣಗಿದ ಎಲೆ ಅಥವಾ ತೆಂಗಿನ ನಾರಿನ ಪುಡಿ. ಮೊದಲ ಸಲ ಸ್ವಲ್ಪ ಹುಳಿ ಮಜ್ಜಿಗೆಯನ್ನೋ ಹಿಡಿ ಹಳೆ ಗೊಬ್ಬರವನ್ನೋ ಹಾಕಬೇಕು. ವಾರಕ್ಕೊಮ್ಮೆ ಕೋಲಿನಿಂದ ಮಗುಚಬೇಕು. ಒಂದು ಗಡಿಗೆ ತುಂಬಿದ ಮೇಲೆ ಮುಚ್ಚಿಟ್ಟು ಇನ್ನೊಂದನ್ನು ಶುರು ಮಾಡಿದರೆ ಸುಮಾರು ಎರಡು ತಿಂಗಳಲ್ಲಿ ಮೊದಲನೆಯದು ಕಪ್ಪು ಗೊಬ್ಬರವಾಗುತ್ತದೆ, ಮಳೆ ಬಿದ್ದ ಮಣ್ಣಿನ ಹಾಗೆ ಪರಿಮಳ. ವಾಸನೆ ಬಂದರೆ, ಹುಳು ಕಂಡರೆ ನೀರು ಹೆಚ್ಚಾಗಿದೆ ಎಂದರ್ಥ, ಇನ್ನಷ್ಟು ಒಣ ಎಲೆ ಸುರಿಯಿರಿ. ಬೇಯಿಸಿದ ಸಾರು, ಎಣ್ಣೆ ಪದಾರ್ಥ, ಮೀನಿನ ತಲೆ ಇದಕ್ಕೆ ಹಾಕಬಾರದು. ಅದನ್ನು ಅಕ್ಕ ತೆಂಗಿನ ಬುಡದಲ್ಲಿ ಆಳವಾಗಿ ಹೂಳುತ್ತಾಳೆ. ನಮ್ಮ ಕಡೆ ಹಿಂದೆ ಪ್ರತಿ ಮನೆಗೂ ತಿಪ್ಪೆ ಇತ್ತಲ್ಲ, ಇದು ಅದೇ ತಿಪ್ಪೆಯ ಪುಟ್ಟ ತಂಗಿ ಅಷ್ಟೇ.

ಪಾತ್ರೆ ಉಜ್ಜುವ ವಿಷಯದಲ್ಲಿ ಮಾತ್ರ ನಾನು ಅಕ್ಕನಿಗೆ ಗುರು! ಅಂಗಡಿಯ ಹಸಿರು ಸ್ಕ್ರಬ್ಬರು ನೈಲಾನಿನದು. ಉಜ್ಜಿ ಉಜ್ಜಿ ಅದು ಸವೆಯುತ್ತದಲ್ಲ, ಆ ಸವೆದ ಚೂರು ಎಲ್ಲಿಗೆ ಹೋಯಿತು? ಚರಂಡಿಗೆ. ಕೊಬ್ಬರಿಯ ಊರಿನವಳು ನಾನು, ನಮ್ಮಲ್ಲಿ ತೆಂಗಿನ ನಾರಿಗೆ ಬರವೇ? ಒಂದು ಹಿಡಿ ನಾರು ಸುತ್ತಿ ಕಟ್ಟಿಕೊಂಡರೆ ಹದಿನೈದು ದಿನ ಬರುತ್ತದೆ, ಆಮೇಲೆ ಗಡಿಗೆಗೆ. ಜಿಡ್ಡು ಪಾತ್ರೆಗೆ ಸೀಗೆಪುಡಿ. ಸೌದೆ ಒಲೆ ಇರುವವರು ಬೂದಿ ಬಳಸಬಹುದು, ಆದರೆ ಅದು ಬರೀ ಸೌದೆಯ ಬೂದಿಯಾಗಿರಬೇಕು. ಹಂಡೆ ಒಲೆಗೆ ಹಾಲಿನ ಕವರು, ಶ್ಯಾಂಪೂ ಪೊಟ್ಟಣ ತುರುಕಿ ನೀರು ಕಾಯಿಸುವ ಮನೆಗಳು ನಮ್ಮೂರಿನಲ್ಲಿ ಬೇಕಾದಷ್ಟಿವೆ. ದಯವಿಟ್ಟು ಅದು ಬೇಡ ಕಣ್ರೀ. ಪ್ಲಾಸ್ಟಿಕ್ಕಿನ ಹೊಗೆ ವಿಷ. ಆ ಒಲೆಯ ಮುಂದೆ ಕೂತು ಊದುವವರೂ ನಾವೇ, ಪಕ್ಕದಲ್ಲಿ ಸ್ನಾನಕ್ಕೆ ಕಾದು ಕೂತಿರುವುದೂ ನಮ್ಮ ಮಕ್ಕಳೇ.

ಅಕ್ಕನಿಂದ ನಾನು ಕಲಿತದ್ದು ಅಂಟುವಾಳ. ರೇಷ್ಮೆ ಸೀರೆಗೆ, ಒಡವೆ ತೊಳೆಯುವುದಕ್ಕೆ ನಮ್ಮಜ್ಜಿಯೂ ಬಳಸುತ್ತಿದ್ದರು. ಎಂಟು ಹತ್ತು ಕಾಯಿಯ ಬೀಜ ತೆಗೆದು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಕಿವುಚಿ ಸೋಸಿದರೆ ನೊರೆನೀರು ಸಿದ್ಧ. ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಇಡಬೇಡಿ, ಹುಳಿಯುತ್ತದೆ. ಕಣ್ಣಿಗೆ ತಗುಲಿದರೆ ಉರಿ. ಸತ್ಯ ಹೇಳಬೇಕೆಂದರೆ ಕರಿದ ಬಾಣಲೆಯ ಜಿಡ್ಡು ಇದಕ್ಕೆ ಬಗ್ಗುವುದಿಲ್ಲ. ಅದಕ್ಕೆ ಸೋಪು ಬೇಕಾದರೆ ಬಳಸಿ, ಕಡಿಮೆ ಬಳಸಿ. ಸೋಪಿನ ಪುಡಿಯನ್ನು ಬೇಕಾಬಿಟ್ಟಿ ಸುರಿಯುವವರಿಗೆ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ನೆನಪಿರಲಿ. ಕೊಳಚೆಯೂ ಸೋಪಿನ ನೀರೂ ಸೇರಿ, 2015ರಲ್ಲಿ ಆ ನೊರೆ ರಸ್ತೆಗೇ ಹಾರಿ ಬಂದದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ.

ನೆಲ ಒರೆಸುವುದಕ್ಕೆ ನಿಂಬೆ, ಮೂಸಂಬಿ ಸಿಪ್ಪೆ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು. ಹಳೆ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ಮೂರು ತಿಂಗಳು ಇಡಬೇಕು. ಗಾಜಿನ ಸೀಸೆ ಬೇಡವೇ ಬೇಡ, ಗಾಳಿ ತುಂಬಿ ಒಡೆಯುತ್ತದೆ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಿ. ಸೋಸಿ ಒರೆಸುವ ನೀರಿಗೆ ಸ್ವಲ್ಪ ಬೆರೆಸಿದರೆ ಸಾಕು. ಇದನ್ನಾಗಲಿ, ನಿಂಬೆರಸವನ್ನಾಗಲಿ ಬ್ಲೀಚಿಂಗ್ ಪುಡಿಯ ಜೊತೆ ಎಂದೂ ಸೇರಿಸಬೇಡಿ, ವಿಷಗಾಳಿ ಬರುತ್ತದೆ.

ಅಂಗಡಿಯಲ್ಲಿ ಹಸಿರು ಎಲೆಯ ಚಿತ್ರ ಹಾಕಿ ದುಪ್ಪಟ್ಟು ಬೆಲೆಗೆ ಮಾರುವ ಸೀಸೆಗಳಿವೆಯಲ್ಲ, ಚಿತ್ರ ನೋಡಿ ಮರುಳಾಗಬೇಡಿ. ಒಳಗೆ ಏನಿದೆ ಅಂತ ಹಿಂದುಗಡೆ ಓದಿ. ಪರಿಸರಕ್ಕೆ ಒಳ್ಳೆಯ ವಸ್ತುಗಳನ್ನು ಗುರುತಿಸಲೆಂದು ಸರ್ಕಾರ 1991ರಲ್ಲೇ ಮಣ್ಣಿನ ಗಡಿಗೆಯ ಗುರುತೊಂದನ್ನು ತಂದಿತ್ತು, ಈಕೋಮಾರ್ಕ್ ಅಂತ. ನಮ್ಮೂರಿನ ಅಂಗಡಿಗಳಲ್ಲಿ ನಾನು ಹುಡುಕಿದೆ, ಒಂದು ಡಬ್ಬದ ಮೇಲೂ ಕಾಣಲಿಲ್ಲ. ಸಮಾರಂಭಕ್ಕೆ ಪೇಪರ್ ಲೋಟ ತರಿಸಿ ಸಮಾಧಾನ ಪಡುವವರೂ ಇದ್ದಾರೆ. ಆ ಲೋಟದ ಒಳಮೈಗೆ ತೆಳ್ಳಗೆ ಪ್ಲಾಸ್ಟಿಕ್ ಬಳಿದಿರುತ್ತಾರೆ, ಇಲ್ಲದಿದ್ದರೆ ಬಿಸಿ ಕಾಫಿ ನಿಲ್ಲುತ್ತದೆಯೇ? ಸ್ಟೀಲ್ ಲೋಟ ತೊಳೆಯುವುದು ಕಷ್ಟ, ಒಪ್ಪಿದೆ. ನಾಲ್ಕು ಜನ ಸೇರಿ ತೊಳೆದರೆ ಹರಟೆಯೂ ಆಗುತ್ತದೆ. ಊಟಕ್ಕೆ ಬಾಳೆಎಲೆ, ಮುತ್ತುಗದ ಎಲೆ ಇದ್ದೇ ಇದೆ.

ಇನ್ನೊಂದು ಮಾತು, ಗಂಡಸರ ಎದುರು ನಾವು ಆಡದ ಮಾತು. ಹೆಣ್ಣುಮಕ್ಕಳು ತಿಂಗಳಿಗೆ ಬಳಸುವ ಪ್ಯಾಡು, ಮಕ್ಕಳ ಡಯಾಪರು. ಇವುಗಳಲ್ಲಿ ಬಹುಪಾಲು ಪ್ಲಾಸ್ಟಿಕ್ಕೇ. ಬಳಸಬೇಡಿ ಎಂದು ನಾನು ಖಂಡಿತ ಹೇಳುವುದಿಲ್ಲ, ನಮ್ಮ ಕಾಲದ ಕಷ್ಟ ನಮ್ಮ ಹುಡುಗಿಯರಿಗೆ ಬೇಡ. ಆದರೆ ಪಾಯಿಖಾನೆಗೆ ಹಾಕಿ ನೀರು ಬಿಡಬೇಡಿ, ತರಕಾರಿ ಸಿಪ್ಪೆಯ ಜೊತೆ ಎಸೆಯಬೇಡಿ. ಹಳೆ ಪತ್ರಿಕೆಯಲ್ಲಿ ಗಟ್ಟಿಯಾಗಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಗುರುತಿಲ್ಲದಿದ್ದರೆ ಪೌರಕಾರ್ಮಿಕರು ಅದನ್ನು ಕೈಯಿಂದ ಬಿಚ್ಚಿ ನೋಡಬೇಕಾಗುತ್ತದೆ. ಅವರಲ್ಲೂ ಹೆಚ್ಚಿನವರು ಹೆಂಗಸರೇ. ಒಡೆದ ಗಾಜು, ಬ್ಲೇಡುಗಳಿಗೂ ಇದೇ ಕ್ರಮ. ಟ್ಯೂಬ್‌ಲೈಟು, ಸಿ.ಎಫ್.ಎಲ್. ಬಲ್ಬುಗಳಲ್ಲಿ ಪಾದರಸ ಇರುತ್ತದೆ, ಒಡೆಯದೆ ಬೇರೆ ಇಟ್ಟು ಕೊಡಿ. ಕೊಳ್ಳುವಾಗಲೇ ಎಲ್.ಇ.ಡಿ. ಕೊಂಡರೆ ಪಾದರಸದ ತಾಪತ್ರಯವೇ ಇಲ್ಲ. ಬಟ್ಟೆಯ ಪ್ಯಾಡನ್ನೋ ಕಪ್ಪನ್ನೋ ಬಳಸುವ ಮನಸ್ಸು ಮಗಳಿಗೆ ಬಂದರೆ ಹೊಲಿದುಕೊಡಿ, ಕೊಡಿಸಿ, ಒತ್ತಾಯ ಬೇಡ. ಬಟ್ಟೆಯಾದರೆ ಚೆನ್ನಾಗಿ ಒಗೆದು ಬಿಸಿಲಲ್ಲೇ ಒಣಗಿಸಬೇಕು. ನಾಚಿಕೆ ಅಂತ ಕತ್ತಲೆ ಮೂಲೆಯಲ್ಲಿ ಒಣಹಾಕಿದರೆ ಸೋಂಕು.

ಕುಡುಪಿಗೆ ಹೋಗಬೇಕೆನ್ನುವವರು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಮೂಡುಬಿದಿರೆ, ಕಾರ್ಕಳ ಕಡೆಯ ಬಸ್ಸು ಹಿಡಿಯಬಹುದು. ಎಕ್ಸ್‌ಪ್ರೆಸ್ ಬಸ್ಸಾದರೆ ನಿಲ್ಲುತ್ತದೆಯೇ ಎಂದು ಕೇಳಿಯೇ ಹತ್ತಿ. ಅಲ್ಲಿಂದ ವಾಮಂಜೂರು ದಾಟಿ ಪಿಲಿಕುಳ ಹತ್ತಿರವೇ, ಮಕ್ಕಳಿದ್ದರೆ ಮೃಗಾಲಯ ನೋಡಿಕೊಂಡು ಬರಬಹುದು. ನೀರಿನ ಬಾಟಲಿ ಮನೆಯಿಂದಲೇ ಒಯ್ಯಿರಿ, ಸೆಕೆಗೆ ಎರಡು ಬೇಕಾಗುತ್ತದೆ. ಖಾಲಿ ಪೊಟ್ಟಣಗಳಿಗೆ ಒಂದು ಬಟ್ಟೆಚೀಲ ಇರಲಿ, ಅದು ನಿಮ್ಮ ಜೊತೆಯೇ ಶಿರಾಡಿ ಹತ್ತಿ ವಾಪಸು ಬರಲಿ. ಮಂದಾರಕ್ಕೆ ಕುಡುಪಿನಲ್ಲಿ ಆಟೋದವರನ್ನು ಕೇಳಿದರೆ ಕರೆದುಕೊಂಡು ಹೋಗುತ್ತಾರೆ.