ಕರಕಿನ ಅಂಚು

ಮರದ ಹಡಗಿನ ಮಾದರಿಯ ಪೆಟ್ಟಿಗೆಯನ್ನು ತೆರೆದೊಡನೆ ಮೂಗಿಗೆ ತಟ್ಟುವುದು ಮರದ ಪರಿಮಳವಲ್ಲ, ಸುಟ್ಟ ವಾಸನೆ. ನಿವೃತ್ತರಾದ ಕೈಗೆಲಸದ ಉಪಾಧ್ಯಾಯರೊಬ್ಬರಿಗೆ ಮೊಮ್ಮಗನು ಅಂತಹದೊಂದು ಪೆಟ್ಟಿಗೆಯನ್ನು ತಂದುಕೊಟ್ಟನು. 1765ರಲ್ಲಿ ನೀರಿಗಿಳಿದು, ಇಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್ತಿನಲ್ಲಿ ರಕ್ಷಿತವಾಗಿರುವ ‘ವಿಕ್ಟರಿ’ ಎಂಬ ಯುದ್ಧನೌಕೆಯ ಕಿರುರೂಪವದು. ಪ್ಲೈವುಡ್ಡಿನ ಬಿಡಿಭಾಗಗಳ ಅಂಚೆಲ್ಲ ಕಾಡಿಗೆ ಹಚ್ಚಿದಂತೆ ಕಪ್ಪು. “ಅಜ್ಜಾ, ಸುಟ್ಟದ್ದನ್ನೇ ಮಾರಿದ್ದಾರಲ್ಲ!” ಎಂದು ಹುಡುಗನು ಪೇಚಾಡಿದನು.

ಅದು ಮಾರಿದವರ ತಪ್ಪಲ್ಲ. ಲೇಸರ್ ಕಿರಣವು ಮರವನ್ನು ಗರಗಸದಂತೆ ಕೊಯ್ಯುವುದಿಲ್ಲ. ಸುಟ್ಟು, ಆವಿ ಮಾಡಿ ದಾರಿ ಬಿಡಿಸಿಕೊಳ್ಳುತ್ತದೆ. ಆ ದಾರಿಯ ಎರಡು ದಡಗಳಲ್ಲಿ ಉಳಿಯುವುದೇ ಕರಕು. (ಇದಕ್ಕೆ ಬಳಸುವ ಇಂಗಾಲದ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಕುಮಾರ್ ಪಟೇಲರು ಹುಟ್ಟಿದ್ದು ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ.)

ಕರಕಿನ ಮೇಲೆ ಅಂಟು ಚೆನ್ನಾಗಿ ಹಿಡಿಯದು. ಅದು ಮರದ ನಾರಿಗೆ ಇಳಿಯಬೇಕು, ಪುಡಿಯಾಗುವ ಇದ್ದಲಿಗಲ್ಲ. ಉಪಾಧ್ಯಾಯರು ಇದನ್ನು ಬಲ್ಲವರೇ. ಆದರೆ ಅತಿಯಾದ ಅಚ್ಚುಕಟ್ಟು ಅವರ ಹಳೆಯ ದೌರ್ಬಲ್ಯ. ಮೊದಲ ಅಡ್ಡಚೌಕಟ್ಟನ್ನು, ಅದರ ಕಚ್ಚನ್ನೂ ಬಿಡದೆ, ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ ಬೆಳ್ಳಗಾಗಿಸಿದರು. ನೌಕೆಯ ಬೆನ್ನೆಲುಬಿಗೆ ಕೂರಿಸಿದರೆ, ಬೆರಳು ಸೋಕಿದ ಮಾತ್ರಕ್ಕೇ ಅದು ಅತ್ತಿತ್ತ ವಾಲಿತು. ಕರಕನ್ನೂ ಸೇರಿಸಿಯೇ ಕಚ್ಚಿನ ಅಳತೆ ನಿಂತಿದೆಯೆಂಬುದು ಆಗ ಹೊಳೆಯಿತು. ಒಂದು ಚೌಕಟ್ಟು ವಾಲಿದರೆ ಹಡಗಿನ ಒಡಲೇ ಸೊಟ್ಟ. ಬದಲಿ ಭಾಗ ಪೆಟ್ಟಿಗೆಯಲ್ಲಿರಲಿಲ್ಲ. ಹುಡುಗನು ಏನೂ ಅನ್ನಲಿಲ್ಲ. ಅವರಿಗೆ ಅದೇ ಹೆಚ್ಚು ನೋವು ತಂದಿತು.

ಮರುದಿನ, ಕಾಗದದಷ್ಟು ತೆಳ್ಳನೆಯ ಮರದ ಸಿಪ್ಪೆಯೊಂದನ್ನು ಕಚ್ಚಿನ ಒಳಗೋಡೆಗೆ ಅಂಟಿಸಿ, ಕಳೆದ ಅಳತೆಯನ್ನು ಮರಳಿ ತುಂಬಿದರು. ಅಲ್ಲಿಂದ ಅವರ ಕ್ರಮವೇ ಬೇರೆಯಾಯಿತು. ಸಮತಟ್ಟಾದ ಮರದ ತುಂಡಿಗೆ 240ರ ಕಾಗದವನ್ನು ಸುತ್ತಿ, ಅಂಚಿಗೆ ನೇರವಾಗಿ ಹಿಡಿದು, ಎರಡು ಮೂರು ಸಲ ಎಳೆಯುವುದು. ಕಪ್ಪು ಕಂದಾದೊಡನೆ ಕೈ ತಡೆಯುವುದು. ಕಚ್ಚಿನೊಳಗೆ ಕಾಗದ ಹೋಗಕೂಡದು. ಸಡಿಲ ಮಸಿಯನ್ನು ಒಣ ಕುಂಚದಿಂದ ಉದುರಿಸಿದರೆ ಸಾಕು, ಅಲ್ಲಿ ಅಂಟಿಗಿಂತ ಬಿಗಿಯೇ ಆಧಾರ. ಹೊರಹಲಗೆಗಳು ಒರಗುವ ಅಂಚನ್ನು ಹೇಗೂ ಓರೆಯಾಗಿ ಉಜ್ಜಬೇಕಾದ್ದರಿಂದ ಕರಕು ತಾನಾಗಿಯೇ ಹೋಗುತ್ತದೆ. ಮುಚ್ಚಿಹೋಗುವ ಒಳಗಿನ ಕಪ್ಪಿಗೆ ಯಾರ ಹಂಗು? ಕಣ್ಣಿಗೆ ಬೀಳುವ ಕಟಕಟೆಯ ಭಾಗಗಳಲ್ಲಿ ಮಾತ್ರ ಪೂರ್ತಿ ತೆಗೆಯಬೇಕು. ಮೂಗಿಗೊಂದು ಬಟ್ಟೆ ಕಟ್ಟಿಕೊಳ್ಳುವುದನ್ನೂ ಅವರು ಮರೆಯಲಿಲ್ಲ.

ಏಳನೆಯ ಚೌಕಟ್ಟನ್ನು ಹುಡುಗನೇ ತಿಕ್ಕಿದನು. ಅಜ್ಜ ಕನ್ನಡಕವನ್ನು ತೆಗೆದಿಟ್ಟು, ಅಂಚನ್ನು ಬೆರಳಿನಿಂದ ಸವರಿ ನೋಡಿ, ಅಂಟಿನ ಬಾಟಲಿಯನ್ನು ಅವನತ್ತ ಸರಿಸಿದರು.